ಗೋಡೆಯ ಹತ್ತಿರ ಮಾತ್ರ ಸಿಗ್ನಲ್

ಅಕ್ಟೋಬರ್ 5, ಭಾನುವಾರ. ನಿಗಡಿ

ಬಿಪಿ ಮಾತ್ರೆ, ಚಹಾ, ಬಾಲ್ಕನಿ. ಪೇಪರ್ ಬಿಡಿಸಲಿಲ್ಲ. ಅಕ್ಕ ಡಬ್ಬಿಗೆ ಶೇಂಗಾ ಚಟ್ನಿ ತುಂಬುತ್ತಿದ್ದಾಳೆ. ಸಮುದ್ರಕ್ಕೆ ಹೋಗುವುದಕ್ಕೂ ಶೇಂಗಾ ಚಟ್ನಿ.

ಬುಧವಾರ ಹೊರಡಬೇಕು. ಎಲ್ಲ ಅಕ್ಕನ ಮಗಳು ಹರ್ಷಿತಾಳ ಏರ್ಪಾಡು. ಹಿಂಜವಾಡಿಯ ಆಫೀಸಿನಲ್ಲಿ ಕೂತು ತಾಯಿಗೆ ವಿಶ್ರಾಂತಿ ಬುಕ್ ಮಾಡಿದ್ದಾಳೆ. ಕೊಂಕಣದ ತುದಿ, ಸಮುದ್ರದ ಹಿನ್ನೀರಿನ ಖಾಡಿ ದಾಟಿ ನಾಲ್ಕಾರು ಮನೆಗಳ ಒಂದು ವಾಡಿ. ಫೋಟೋದಲ್ಲಿ ಹಂಚಿನ ಮನೆ, ಗಾಳಿಮರಗಳು, ಮರಳು. ಮನುಷ್ಯರಿಲ್ಲ.

“ಮಾಮಾ, ಜನವರಿಗೆ ಕೂಸು ಬಂತಂದ್ರ ಅವ್ವಗ ಉಸಿರಾಡ್ಲಿಕ್ಕೂ ಟೈಮ್ ಸಿಗೂದಿಲ್ಲ. ಈಗೇ ಒಂದು ಬ್ರೇಕ್ ಆಗ್ಲಿ. ನೀನೂ ಹೋಗು. ಒಬ್ಬಾಕಿನ್ನ ಕಳಸಬ್ಯಾಡ.”

ನಮ್ಮ ಚಾಕಣದ ಕಾರ್ ಪ್ಲಾಂಟಿನಲ್ಲಿ ಇದಕ್ಕೆ ಮೇಂಟೆನೆನ್ಸ್ ಶಟ್‌ಡೌನ್ ಅನ್ನುತ್ತಾರೆ. ದೊಡ್ಡ ಆರ್ಡರ್ ಬರುವ ಮೊದಲು ಯಂತ್ರ ನಿಲ್ಲಿಸಿ ಎಣ್ಣೆ ಹಾಕುವುದು. ಹರ್ಷಿತಾಗೆ ಹೇಳಲಿಲ್ಲ. ನಗುತ್ತಿರಲಿಲ್ಲ.

ಮಧ್ಯಾಹ್ನ ಲಿಫ್ಟಿನಲ್ಲಿ ಮೂರನೇ ಮಹಡಿಯ ಕಾಕೂ. ತಲೆಗೆ ಹೊಸ ಬಣ್ಣ. ಅಕ್ಕ ನೆಲ ನೋಡುತ್ತ, ದೇವರ ನಾಮ ಹೇಳುವ ದನಿಯಲ್ಲಿ—“ಬಾಳ್ಯಾ, ಕಾಕೂನ ತಲಿ ನೋಡು, ಬದ್ನಿಕಾಯಿ ಭರತಾ ಆಗ್ಯದ.” ಕಾಕೂ ನಮ್ಮಿಬ್ಬರನ್ನೂ ನೋಡಿ ಪ್ರೀತಿಯಿಂದ ನಕ್ಕಳು.

ಇಷ್ಟು ವರ್ಷ ಹೀಗೇ. ಹೊರಗೆ ಮರಾಠಿ. ಯಾರನ್ನಾದರೂ ಆಡಿಕೊಳ್ಳಬೇಕಾದರೆ ಅವರ ಎದುರೇ ಕನ್ನಡ. ಬಾಗಿಲು ಹಾಕಿದ ಕೋಣೆಯನ್ನು ಹೊತ್ತುಕೊಂಡೇ ಬೀದಿಯಲ್ಲಿ ಓಡಾಡಿದ ಹಾಗೆ.

ಅಕ್ಟೋಬರ್ 8. ಸಂಜೆ

ತಲುಪಿದೆವು. ಬಸ್ಸು, ರಿಕ್ಷಾ, ಕೊನೆಗೆ ದೋಣಿ. ದೋಣಿಯಲ್ಲಿ ಅಕ್ಕ ನೀರಿಗೆ ಕೈ ಇಳಿಬಿಟ್ಟು ಕೂತಿದ್ದಳು. ವಿಜಯಪುರದಲ್ಲಿ ಹುಟ್ಟಿದವಳು. ಕೊಡದ ಲೆಕ್ಕದಲ್ಲಿ ನೀರು ನೋಡಿದವಳು.

ಮನೆಯ ಯಜಮಾನ ದಡದಲ್ಲೇ ನಿಂತಿದ್ದರು. ದತ್ತಾರಾಮ ಖವಣೇಕರ. ಅರವತ್ತು ದಾಟಿರಬೇಕು. ತೆಳ್ಳಗೆ, ಬಿಳಿ ಮೀಸೆ, ಮಳೆಯಿಲ್ಲದಿದ್ದರೂ ಕೊಡೆ. ಹೆಂಡತಿ ತೀರಿ ಕೆಲವು ವರ್ಷಗಳಾದವಂತೆ. “ಬನ್ನಿ ತಾಈ, ಕಾಲು ಜೋಪಾನ, ಪಾಚಿ ಇದೆ,” ಎಂದರು ಮರಾಠಿಯಲ್ಲಿ.

ತಾಈ—ಅಕ್ಕ. ಈ ಸೀಮೆಯಲ್ಲಿ ಗಂಡಸು ಪರಿಚಯವಿಲ್ಲದ ಹೆಂಗಸನ್ನು ಕರೆಯುವುದೇ ಹಾಗೆ. ಮೊದಲ ಮಾತಿಗೇ ಸಂಬಂಧ ಹೇಳಿ ಅಂತರ ಗೊತ್ತುಮಾಡುವುದು. ಒಳ್ಳೆಯ ಪದ್ಧತಿ.

ಫೋನ್ ಸಿಗ್ನಲ್ ಎಲ್ಲೂ ಇಲ್ಲ. ಹಿತ್ತಿಲ ಕಲ್ಲುಗೋಡೆಯ ಮೂಲೆಯಲ್ಲಿ ಮಾತ್ರ, ನಿಂತುಕೊಂಡರೆ. ಹರ್ಷಿತಾಗೆ ತಲುಪಿದೆವು ಎಂದು ಹೇಳಿ ಬಂದೆ.

ಅಕ್ಟೋಬರ್ 9

ಹತ್ತು ಗಂಟೆಯವರೆಗೆ ಮಲಗಿದ್ದೆ. ಎದ್ದಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ವಿಶ್ರಾಂತಿ ಅಂದರೆ ಇದೇ ಇರಬೇಕು.

ಸಮುದ್ರ ನಾನೆಣಿಸಿದ್ದಕ್ಕಿಂತ ಸಪ್ಪೆ. ತವರದ ಬಣ್ಣ. ದಂಡೆಯಲ್ಲಿ ಸಣ್ಣ ಏಡಿಗಳು ಮರಳನ್ನು ಗುಳಿಗೆ ಮಾಡಿ ಉಗುಳಿ ಹೋಗಿವೆ. ಅಲೆ ಬಂದು ಅಳಿಸುತ್ತದೆ. ಮತ್ತೆ ಗುಳಿಗೆ. ಹಿಂದೆ ಗದ್ದೆಗಳಲ್ಲಿ ಭತ್ತ ಕೊಯ್ಯುತ್ತಿದ್ದಾರೆ.

ಪುಸ್ತಕ ಹಿಡಿದು ಬಂಡೆಗಳ ಕಡೆ ಹೋದೆ. ತಿರುಗಿ ಬಂದಾಗ ಹಿತ್ತಿಲಲ್ಲಿ ಹೊಸ ಒಲೆ. ನಾವು ಮೀನು ತಿನ್ನುವವರಲ್ಲ ಎಂದು ಖವಣೇಕರ ಬೆಳಿಗ್ಗೆಯೇ ಮಣ್ಣು ತಂದು ಅಕ್ಕನಿಗೆ ಬೇರೆ ಒಲೆ ಹಾಕಿಕೊಟ್ಟಿದ್ದಾರೆ. ಅಕ್ಕ ಅದರ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಾಳೆ.

“ರಜಾಕ್ಕ ಬಂದು ರೊಟ್ಟಿ ಬಡಿಯೂದೇನ ಅಕ್ಕಾ?”

“ಸುಮ್ನಿರೋ. ಇಲ್ಲಿ ಯಾರೂ ಬಡಿ ಅಂದಿಲ್ಲ. ಅದಕ್ಕ ಬಡಿಲಿಕ್ಕತ್ತೀನಿ.”

ಖವಣೇಕರ ನಕ್ಕರು. ಅವಳ ಮುಖ ನೋಡಿ ನಕ್ಕಿರಬೇಕು ಅಂದುಕೊಂಡೆ. ಸಂಜೆ ಅವರ ರೇಡಿಯೋದಲ್ಲಿ ಕಾರವಾರದ ಸ್ಟೇಷನ್. ಕನ್ನಡದ ಹಾಡು. ಗಾಳಿ ತಂದು ಹಾಕಿದ್ದು.

ಅಕ್ಟೋಬರ್ 11, ಶನಿವಾರ

ಮನೆಯ ಪಕ್ಕ ಕೆಂಪು ಚಿರೆಕಲ್ಲು ಒಟ್ಟಿದ್ದಾರೆ. ಮಳೆಗಾಲವಿಡೀ ನೆನೆದು ಹಸಿರು ಹತ್ತಿದೆ. ನೆಲದ ಮೇಲೆ ಸುಣ್ಣದ ಗೆರೆ. ಹೊಸ ಖೋಲಿ, ಅಡುಗೆಮನೆ. ಕೆಲಸದವರು ಬರಬೇಕು.

ಖವಣೇಕರ ಅಕ್ಕನನ್ನು ಕೇಳುತ್ತಿದ್ದರು—ಕಿಟಕಿ ಯಾವ ಕಡೆ ಇರಲಿ? ಅಕ್ಕ ಗೆರೆಯೊಳಗೆ ಹೋಗಿ, ಇಲ್ಲದ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೈ ಚಾಚಿ ತೋರಿಸಿದಳು. ಪಶ್ಚಿಮಕ್ಕೆ. ಕೂತಲ್ಲಿಂದ ನೀರು ಕಾಣಬೇಕು. ಅವರು ಕಾಲಿನಿಂದ ಹಳೆಯ ಗೆರೆ ಅಳಿಸಿ ಹೊಸದು ಎಳೆದರು.

ಒಂದು ವಿಷಯ ಗಮನಿಸಿದೆ. ಇವತ್ತು ತಾಈ ಅನ್ನಲಿಲ್ಲ. ಪ್ರಮೀಳಾಬಾಯಿ ಅಂದರು. ಊಟಕ್ಕೆ ಕರೆಯುವಾಗ ಒಮ್ಮೆ, ಖಾಡಿಯ ಕಡೆಯಿಂದ ಒಮ್ಮೆ.

ಪ್ಲಾಂಟಿನಲ್ಲಿ ನನ್ನ ಕೆಲಸವೇ ಇದು. ಬಣ್ಣ ಹಚ್ಚಿದ ಬಾನೆಟ್ಟನ್ನು ಎದುರಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಟ್ಯೂಬ್‌ಲೈಟ್ ಓರೆಯಾಗಿ ಬಿದ್ದಾಗ ಮಾತ್ರ ಮೇಲ್ಮೈ ಅಲ್ಲಾಡಿದ್ದು ತಿಳಿಯುತ್ತದೆ.

ಅಕ್ಟೋಬರ್ 12. ಸಂಜೆ ಆರು

ಅಕ್ಕ ದಂಡೆಗೆ ಕರೆದುಕೊಂಡು ಹೋದಳು. ಚಪ್ಪಲಿ ಕೈಯಲ್ಲಿ.

“ಬಾಳ್ಯಾ, ದತ್ತಾರಾಮ ಒಂದು ಮಾತು ಕೇಳ್ಯಾರ.”

“ಏನು?”

“ಇಲ್ಲೇ ಇರ್ತೀರೇನು ಅಂತ. ಹಂಗ ಸುಮ್ನ ಅಲ್ಲ. ರಿಜಿಸ್ಟರ್ ಮಾಡ್ಕೊಂಡು, ನಾಕ್ ಮಂದಿ ಮುಂದ.”

ಅಲೆ ಬಂತು. ಸೀರೆ ಎತ್ತಿಕೊಂಡಳು. ಐವತ್ತೆಂಟು ಅವಳಿಗೆ. ಕಾಲಂಚಿನ ನೊರೆ ನೋಡುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಏನೋ.

“ನೀ ಏನಂದಿ?”

“ಶುಕ್ರವಾರ ಹೋಗೂದರೊಳಗ ಹೇಳ್ತೀನಿ ಅಂದೀನಿ. ಮೊದಲ ನಿನ್ನ ಕೇಳಬೇಕಲ್ಲ.”

“ನಿನ್ನ ಮನಸಿನಾಗ ಏನದ?”

“ಅದನ್ನ ಯಾರೂ ಕೇಳೇ ಇರಲಿಲ್ಲ ನೋಡು,” ಅಂದಳು. “ರೂಢಿನೇ ತಪ್ಪಿ ಹೋಗ್ಯದ. ಹೌದನ್ನಬೇಕು ಅನಸ್ತದ.”

ನೋಡೋಣ, ಅಂದೆ. ನೋಡೋಣ ಎಂಬ ಶಬ್ದಕ್ಕೆ ನಮ್ಮ ಮನೆಯಲ್ಲಿ ಏನು ಅರ್ಥ ಎಂದು ಅವಳಿಗೆ ಗೊತ್ತು. ಆದರೂ ತಲೆಯಾಡಿಸಿದಳು.

ಭಾವ ತೀರಿದಾಗ ಹರ್ಷಿತಾಗೆ ಮೂರು ವರ್ಷ. ಇಬ್ಬರನ್ನೂ ನಿಗಡಿಗೆ ಕರೆತಂದೆ. ನನ್ನ ಮದುವೆ… ಆಗಲಿಲ್ಲ. ಅಕ್ಕನನ್ನು ಸಾಕಿದವನು ಎಂದು ಬಂಧುಗಳು ಹೊಗಳುತ್ತಾರೆ. ಆ ಮನೆಯಲ್ಲಿ ಬೆಳಿಗ್ಗೆ ಮೊದಲು ಏಳುವವರು ಯಾರು ಎಂದು ಒಬ್ಬರೂ ಕೇಳಿಲ್ಲ.

ಅಕ್ಟೋಬರ್ 14, ಮಂಗಳವಾರ. ಮಧ್ಯಾಹ್ನ

ಗೋಡೆಯ ಹತ್ತಿರ ಹೋಗಿ ಹರ್ಷಿತಾಗೆ ಫೋನ್ ಮಾಡಿದೆ. ಗೋಡೆಯ ಆಚೆ ಖವಣೇಕರ ತೆಂಗಿನಕಾಯಿ ಸುಲಿಯುತ್ತಿದ್ದರು. ಕಬ್ಬಿಣದ ಶೂಲಕ್ಕೆ ಕಾಯಿ ಬಡಿಯುವುದು, ಸಿಪ್ಪೆ ಹರಿಯುವುದು. ತೋಳಿನ ಅಂತರ. ನನ್ನನ್ನು ನೋಡಿ ತಲೆಬಾಗಿದರು. ನಾನೂ.

“ಹೆಂಗದಾಳ ಮಾಮಾ ಅವ್ವ?”

ಹೇಳಿದೆ. ಎಲ್ಲವನ್ನೂ ಇಲ್ಲಿ ಹಾಗೆಯೇ ಬರೆದಿಡುತ್ತೇನೆ.

“ಅವ್ವ ಭಾಳ ಅರಾಮ ಅದಾಳ. ಇಲ್ಲೊಬ್ಬ ಮುದುಕ ಗಂಟು ಬಿದ್ದಾನ. ಹೇಣ್ತಿ ಸತ್ತಾಳ, ಬಂದ ಗಿರಾಕಿಗೆ ಬೇಯಿಸಿ ಹಾಕವ್ರಿಲ್ಲ. ಪಗಾರ ಇಲ್ಲದ ಅಡಿಗ್ಯಾಕಿ ಬೇಕಾಗ್ಯಾಳ ಅವಗ. ಲಗ್ನ ಅಂತ ಹೆಸರಿಟ್ಟಾನ. ಈಕಿನೂ ಹುಡುಗಿಯಂಗ ನಗ್ಲಿಕ್ಕತ್ಯಾಳ, ನಮಗ ನಾಚಿಕಿ. ನಾಳೆ ಈಕಿ ಮೊಣಕಾಲು ಹಿಡಕೊಂಡು ಕೂತ್ಲಂದ್ರ ಅದೇ ದೋಣ್ಯಾಗ ವಾಪಸ್ ಕಳಸ್ತಾನ. ನೀ ಚಿಂತಿ ಮಾಡಬ್ಯಾಡ. ನಿನ್ನ ಕೂಸಿನ ಟೈಮಿಗೆ ಆಕಿ ಅಲ್ಲಿರ್ತಾಳ. ಶುಕ್ರವಾರ ಕರ್ಕೊಂಡ ಬರ್ತೀನಿ.”

ಹರ್ಷಿತಾ ಏನೋ ಅಂದಳು. ಕೇಳಿಸಲಿಲ್ಲ, ದನಿ ಮುರಿಯುತ್ತಿತ್ತು.

ಮಾತಿನ ನಡುವೆ ಎಲ್ಲೋ ಸುಲಿಯುವ ಸದ್ದು ನಿಂತಿತ್ತು. ಫೋನ್ ಇಟ್ಟಮೇಲೆ ಮತ್ತೆ ಶುರುವಾಯಿತು. ಅವರ ಕಡೆ ತಿರುಗಿ, “ಆಫೀಸಿನ ಕಿರಿಕಿರಿ,” ಎಂದೆ ಮರಾಠಿಯಲ್ಲಿ, ನಗುತ್ತ.

“ಇರುತ್ತದೆ, ಇರುತ್ತದೆ,” ಅಂದರು ಅವರೂ ಮರಾಠಿಯಲ್ಲಿ. ಒಂದು ಎಳನೀರು ಕೆತ್ತಿ ಗೋಡೆಯ ಮೇಲಿಟ್ಟರು. ಕುಡಿದೆ. ಸಿಹಿಯಿತ್ತು.

ಅಕ್ಟೋಬರ್ 16

ಏನೂ ಆಗಿಲ್ಲ. ಊಟ, ನಿದ್ದೆ, ದಂಡೆ.

ಬೆಳಿಗ್ಗೆ ಚಹಾ ಕೊಡುವಾಗ ಖವಣೇಕರ, “ತಾಈ, ಸಕ್ಕರೆ ಸಾಕೇ?” ಎಂದರು. ಅಕ್ಕ ಕಪ್ಪು ಹಿಡಿದುಕೊಂಡು ಒಂದು ಕ್ಷಣ ಅವರನ್ನೇ ನೋಡಿದಳು. ಸಾಕು, ಅಂದಳು.

ಸುಣ್ಣದ ಗೆರೆಗಳ ಮೇಲೆ ತೆಂಗಿನ ಗರಿ ಹರಡಿದ್ದಾರೆ. ಒಣಗಲಿಕ್ಕೆ ಇರಬಹುದು.

ಸಂಜೆ ಅಕ್ಕ ತಾನಾಗಿಯೇ ಹೇಳಿದಳು. ಹೌದು ಅನ್ನಲಿಕ್ಕೆ ಹೋಗಿದ್ದಳಂತೆ. ಅವರೇ ಮೊದಲು ಬಾಯಿ ತೆಗೆದರಂತೆ—ನಾನು ಅವಸರಪಟ್ಟೆ, ಮಗಳಿಗೆ ನಿಮ್ಮ ಅಗತ್ಯ ಇದೆ, ತಮ್ಮನಿಗೂ. ನನ್ನ ಮಾತು ಮರೆತುಬಿಡಿ.

“ಇದ್ದಕ್ಕಿದ್ದಂಗ ಯಾಕ ಹಿಂಗ?” ಅಂದಳು. ನನ್ನನ್ನಲ್ಲ, ಒಲೆಯನ್ನು ಕೇಳಿದಂತೆ. ಇನ್ನೂ ಹಸಿ ವಾಸನೆ ಇದ್ದ ಒಲೆ.

“ಹೋಗ್ಲಿ ಬಿಡು. ಗಂಡಸರ ಬುದ್ಧಿ,” ಅಂದೆ.

ನಿರಾಳವಾಯಿತು. ಸುಳ್ಳು ಬರೆಯುವುದಿಲ್ಲ, ನಿರಾಳವಾಯಿತು. ಎರಡು ಚಪಾತಿ ಹೆಚ್ಚು ತಿಂದೆ.

ಅಕ್ಟೋಬರ್ 17, ಶುಕ್ರವಾರ. ಬಸ್ಸಿನಲ್ಲಿ

ಅಕ್ಷರಗಳು ಸೊಟ್ಟಾಗುತ್ತಿವೆ. ರಸ್ತೆ.

ದಡಕ್ಕೆ ಖವಣೇಕರ ಬಂದಿದ್ದರು. ನಮ್ಮ ಬ್ಯಾಗು ಅವರ ಹೆಗಲ ಮೇಲೆ. ಆಚೆಯಿಂದ ಬಂದ ದೋಣಿಯಿಂದ ಮೂವರು ಇಳಿದರು. ಬುಟ್ಟಿ, ಉಳಿ, ಸುತ್ತಿಗೆ. ಚಿರೆಕಲ್ಲಿನ ಕೆಲಸದವರು, ಮಳೆ ನಿಂತ ಮೇಲೆ ನಮ್ಮ ವಿಜಯಪುರದ ಕಡೆಯಿಂದ ಇಲ್ಲಿಗೆ ಬರುವ ಜನ. ಅವರಲ್ಲಿ ದೊಡ್ಡವನು ನೇರ ಖವಣೇಕರ ಹತ್ತಿರ ಬಂದ.

“ನಮಸ್ಕಾರ್ರಿ ಮಾಲಕ್ರ. ಬರ್ರಿ ಅಂದಿದ್ರಲ್ಲ, ಬಂದ್ವಿ.”

ಖವಣೇಕರ ಬ್ಯಾಗು ಕೆಳಗಿಟ್ಟರು.

“ತಪ್ಪಾತಪ್ಪಾ. ಫೋನ್ ಹಚ್ಚಿದ್ದೆ, ಹತ್ತಲಿಲ್ಲ ನಿಮಗ. ಖೋಲಿ ಕಟ್ಟೂದು ಬಿಟ್ಟೀನಿ.”

“ಯಾಕ್ರಿ? ಕಲ್ಲ ತರಿಸೀರಲ್ಲ?”

“ಕಲ್ಲ ಇರ್ತಾವ. ಇರೋ ಮಂದಿ ಬೇಕಲ್ಲ. ಬಿಸಲಾಗ ಬಂದೀರಿ, ಮೊದಲ ಉಂಡ ಹೋಗ್ರಿ ನಡೀರಿ.”

ನಮ್ಮ ಕನ್ನಡ. ನನ್ನದಕ್ಕಿಂತ ಗಟ್ಟಿಯಾದದ್ದು.

ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಮರಾಠಿಯಲ್ಲಿಯೇ, “ಜೋಪಾನವಾಗಿ ಹೋಗಿ ಬನ್ನಿ, ಸಾಹೇಬ್,” ಎಂದರು. ನನ್ನ ಮರ್ಯಾದೆ ಉಳಿಸಲಿಕ್ಕೆ ಮರಾಠಿ.

ದೋಣಿ ನಡುನೀರಿಗೆ ಬಂದಮೇಲೆ ಅಕ್ಕನನ್ನು ಕೇಳಿದೆ. “ಅವರಿಗೆ ಕನ್ನಡ ಬರ್ತದ?”

“ಬರ್ತದಲ್ಲ. ದಾಂಡೇಲಿಯೊಳಗ ಭಾಳ ವರ್ಷ ಕೆಲಸಕ್ಕಿದ್ರು. ಎರಡನೇ ದಿನಾನೇ ಹೇಳಿದ್ರು, ನೀ ಬಂಡೆಗಲ್ಲಿನ ಕಡೆ ಹೋಗಿದ್ದಿ. ನೀ ಅವರ ಜೋಡಿ ಸಾಹೇಬರಂಗ ಮರಾಠಿ ಮಾತಾಡೂದು ನೋಡಿ ನಾವಿಬ್ಬರೂ ನಗ್ತಿದ್ವಿ.”

“ನನಗ್ಯಾಕ ಹೇಳ್ಲಿಲ್ಲ?”

“ಅದೊಂದು ನನಗೇ ಇರ್ಲಿ ಅನಸ್ತು.”

ಆಮೇಲೆ ಅವಳ ಮುಖ ನಿಧಾನವಾಗಿ ಬದಲಾಯಿತು. ನನ್ನನ್ನು ನೋಡಿದಳು. ಹಿಂದೆ ತಿರುಗಿ ಗೋಡೆಯ ಕಡೆ ನೋಡಿದಳು, ನೀರಿನಿಂದ ಕಾಣುತ್ತಿತ್ತು. ಈ ಸಲ ನೀರಿಗೆ ಕೈ ಬಿಡಲಿಲ್ಲ.

ಅಕ್ಟೋಬರ್ 23. ಭಾವಬೀಜ

ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆರತಿ ಎತ್ತಿ ಕಾಣಿಕೆ ಪಡೆಯುವ ಹಬ್ಬ. ಮಣೆ, ರಂಗೋಲಿ, ಆರತಿ ತಟ್ಟೆ. ಪ್ರತಿವರ್ಷದಂತೆ ತಲೆಗೆ ಟೋಪಿ ಹಾಕಿಕೊಂಡು ಕೂತೆ. ಅಕ್ಕ ಕುಂಕುಮ ಹಚ್ಚಿ, ಅಕ್ಕಿ ಕಾಳು ಹಾಕಿ ಆರತಿ ಎತ್ತಿದಳು. ಹರ್ಷಿತಾ ಸೋಫಾದ ಮೇಲೆ, ಹೊಟ್ಟೆಯ ಮೇಲೆ ಚಕ್ಕುಲಿ ಬಟ್ಟಲು ಇಟ್ಟುಕೊಂಡು.

ತಟ್ಟೆಗೆ ಕಾಣಿಕೆ ಹಾಕುವ ಹೊತ್ತು. ಸೀರೆಯ ಪೊಟ್ಟಣ ತೆಗೆದೆ. ಅಕ್ಕ ತಟ್ಟೆ ಹಿಂದಕ್ಕೆ ಎಳೆದುಕೊಂಡಳು.

“ಈ ಸಲ ಸೀರಿ ಬ್ಯಾಡ. ಒಂದು ಮಾತು ಹಾಕು ತಾಟಿನಾಗ.”

“ಏನು ಮಾತು?”

“ಗ್ವಾಡಿ ಹತ್ರ ನಿಂತು ಫೋನಿನಾಗ ಏನಂದಿ?”

ದೀಪ ನಮ್ಮಿಬ್ಬರ ನಡುವೆ ಇತ್ತು. ಹರ್ಷಿತಾ ಚಕ್ಕುಲಿ ಜಗಿಯುವುದನ್ನು ನಿಲ್ಲಿಸಿದಳು. ಈ ಸದ್ದು ನಿಲ್ಲುವುದು ನನಗೆ ಗೊತ್ತು.

“ಏನಿಲ್ಲ. ಬರೂ ದಿನಾ ಹೇಳ್ದೆ, ಅಷ್ಟ.”

ಅಕ್ಕ ತಟ್ಟೆ ಮುಂದೆ ಮಾಡಿದಳು. ಸೀರೆ ಇಟ್ಟೆ. “ನೂರು ವರ್ಷ ಬಾಳು,” ಅಂದಳು. ಅದು ಪ್ರತಿವರ್ಷ ಹೇಳುವ ಮಾತು.

ಅಕ್ಟೋಬರ್ 25

ಹರ್ಷಿತಾಳ ಫೋನ್, ಆಫೀಸ್ ಕ್ಯಾಬ್‌ನಿಂದ.

“ಮಾಮಾ, ನಾನೂ ಮೊನ್ನೆ ಆರತಿ ಮುಂದ ಸುಮ್ನ ಕೂತೆ. ತಪ್ಪು ನಂದೂ ಅದ. ಆದ್ರ ಆ ದಿನ ಫೋನಿನಾಗ ನಾ ಏನಂದೆ, ಕೇಳಿಸ್ತೋ ಇಲ್ಲೋ ನಿನಗ?”

“ಸಿಗ್ನಲ್ ಇರಲಿಲ್ಲ.”

“ಅವ್ವಗ ಬೇಕಿದ್ರ ಹೋಗ್ಲಿ ಬಿಡು ಮಾಮಾ ಅಂದಿದ್ದೆ. ಕೂಸಿಗೆ ಆಯಾ ಸಿಗ್ತಾಳ, ಡೇಕೇರ್ ಸಿಗ್ತದ. ನನ್ನ ಹೆಸರ ಮುಂದ ಮಾಡಬ್ಯಾಡ. ಬೇಕಾಗಿದ್ದು ನಿನಗ.”

ಕ್ಯಾಬ್‌ನ ಸುತ್ತ ಹಾರ್ನುಗಳು. ಹಿಂಜವಾಡಿಯ ಸಂಜೆ. ಅವಳು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.

ಅಕ್ಟೋಬರ್ 27, ಸೋಮವಾರ

ರಜೆ ಹಾಕಿ ಮನೆಯಲ್ಲಿದ್ದೆ. ಪಾರ್ಸೆಲ್ ಬಂತು, ಹಬ್ಬಕ್ಕೆ ತಡವಾಗಿ. ಮೇಲೆ ವಿಳಾಸ ಇಂಗ್ಲಿಷಿನಲ್ಲಿ. ಒಳಗೆ ಒಂದು ಸೀರೆ. ಹಸಿರು, ಸಣ್ಣ ಕೆಂಪು ಅಂಚು. ಅದರ ಮೇಲೆ ಪಿನ್ ಮಾಡಿದ ಚೀಟಿ, ಕನ್ನಡ ಅಕ್ಷರ, ಮಕ್ಕಳು ಬರೆದ ಹಾಗೆ ದುಂಡಗೆ—ಪ್ರಮೀಳಾ ಅಕ್ಕನವರಿಗೆ ಭಾವಬೀಜದ ಕಾಣಿಕೆ.

ಅಷ್ಟೇ. ಹೆಸರಿಲ್ಲ.

ತಾಈ ಎಂಬುದು ಬಾಯಿಮಾತು, ನಾಳೆ ಬಿಡಬಹುದು. ಭಾವಬೀಜದ ಸೀರೆ ಹಾಗಲ್ಲ. ಕೊಟ್ಟವನು ಅಣ್ಣನೋ ತಮ್ಮನೋ ಆಗಿಬಿಟ್ಟ. ಉಟ್ಟವಳು ಒಪ್ಪಿದ ಹಾಗೆ. ಅದರ ನಂತರ ಆ ಇಬ್ಬರ ನಡುವೆ ಬೇರೆ ಮಾತು ಇಲ್ಲ. ಯಾರ ಮೇಲೂ ಹೊರೆ ಬೀಳದಂತೆ ಬಾಗಿಲು ಹಾಕಿಕೊಂಡಿದ್ದಾರೆ. ಬೇಕಾದಷ್ಟು ಯೋಚಿಸಿರಬೇಕು.

ಅಕ್ಕ ಚೀಟಿಯನ್ನು ಎರಡು ಸಲ ಓದಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

“ನನಗ ತಮ್ಮ ಒಬ್ಬ ಇದ್ನಲ್ಲ,” ಅಂದಳು. “ಸಾಕಾಗಿತ್ತು.”

ಅಕ್ಟೋಬರ್ 28. ಬೆಳಿಗ್ಗೆ

ಖವಣೇಕರಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗೆ. ಮತ್ತೆ ಮಾಡಿದೆ. ಅವರು ಗೋಡೆಯ ಹತ್ತಿರ ಬಂದರೆ ಮಾತ್ರ ಹತ್ತುತ್ತದೆ. ಈಗ ಯಾಕೆ ಬರುತ್ತಾರೆ?

ಸಿಕ್ಕರೂ ಯಾವ ಭಾಷೆಯಲ್ಲಿ ಶುರುಮಾಡುವುದು.

ಅದೇ ದಿನ. ಸಂಜೆ

ಅಕ್ಕ ಹಾಲ್‌ನಲ್ಲಿ ಕೂತು ಹಸಿರು ಸೀರೆಗೆ ಫಾಲ್ ಹಚ್ಚುತ್ತಿದ್ದಾಳೆ. ನಾನು ಕೊಟ್ಟದ್ದು ಕಪಾಟಿನಲ್ಲಿದೆ, ಪೊಟ್ಟಣ ಬಿಚ್ಚಿಲ್ಲ.

“ಉಡ್ತೀಯೇನು ಅದನ್ನ?” ಎಂದು ಕೇಳಿದೆ.

“ಮತ್ತೇನ್ ಮಾಡ್ಲಿ? ಪ್ರೀತಿಲೆ ಕಳಿಸ್ಯಾರ. ನಾಳೆ ಉಟ್ಟು ಒಂದು ಫೋಟೋ ಕಳಸ್ತೀನಿ. ಸಂಬಂಧ ಆತು, ಮುಗೀತು.”

ಇಲ್ಲಿಂದ ಕಾಣುತ್ತದೆ. ಟ್ಯೂಬ್‌ಲೈಟ್ ಓರೆಯಾಗಿ ಅವಳ ಮುಖದ ಮೇಲಿದೆ. ಎಂದಿನ ಮುಖವೇ. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು. ಇವತ್ತು ಕರೆದಿಲ್ಲ, ತಾನೇ ಕಿಟಕಿಗೆ ಹಿಡಿದು ಹಿಡಿದು ಪೋಣಿಸಿಕೊಂಡಳು.

ಫಾಲ್ ಇನ್ನು ಗೇಣು ಉಳಿದಿದೆ. ಹೊಲಿದು ಮುಗಿಸುವುದರೊಳಗೆ ಹೇಳಬೇಕು. ಉಟ್ಟಮೇಲೆ ಹೇಳಿದರೆ ಅದು ಬರೀ ನನ್ನ ಭಾರ ಇಳಿಸಿಕೊಂಡಂತೆ. ಈಗ ಹೇಳಿದರೆ ಅವಳು ದಾರ ಬಿಚ್ಚಬಹುದು. ಬಸ್ಸು ಹಿಡಿಯಬಹುದು. ಕಲ್ಲು ಇನ್ನೂ ಅಲ್ಲೇ ಇದೆ. ಅವಳು ಹೋದರೆ ಈ ಮನೆಯಲ್ಲಿ ಬೆಳಿಗ್ಗೆ…

ಅದನ್ನು ಬರೆಯುವುದು ಬೇಡ.

ಮೊದಲ ವಾಕ್ಯ ಇಲ್ಲೇ ಬರೆದುಕೊಂಡು ಎದ್ದರೆ ಅಲ್ಲಿ ಹೋಗಿ ಬದಲಿಸಲಾರೆ. ಪುಸ್ತಕದ ಕನ್ನಡದಲ್ಲಿ ಬೇಡ. ಅವರು ಗೋಡೆಯಾಚೆ ಕೇಳಿಸಿಕೊಂಡ ಕನ್ನಡದಲ್ಲೇ.

ಹಲ್ಲಿನಿಂದ ದಾರ ಕಡಿದ ಸದ್ದು.

ಅಕ್ಕಾ, ಸೂಜಿ ಕೆಳಗಿಡು. ಅವತ್ತು ಗ್ವಾಡಿ ಹತ್ರ ನಿಂತು ನಾ ನಿನ್ನ—